ಬಲಗಡೆಯಿಂದ ಓದಿದ ಲೆಕ್ಕ

ಜುಲೈ 2, ಬುಧವಾರ

ಗಾಡಿ ಇಪ್ಪತ್ತು ನಿಮಿಷ ತಡ. ಭಾಲ್ಕಿ ಸ್ಟೇಷನ್ನಿನಲ್ಲಿ ಕೂತು ಏಳನೇ ತರಗತಿಯ ಟೆಸ್ಟ್ ಪೇಪರ್ ತಿದ್ದಿದೆ. ಹದಿನಾಲ್ಕು ಮುಗಿದವು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ. ತಿಂದೆ.

ಬುಧವಾರ ಅಂದರೆ ಬೀದರ, ಕಮಿಟಿ. ಆರು ಶಾಲೆ, ಮೂರು ಮಾಧ್ಯಮ — ಕನ್ನಡ ಮೂರು, ಮರಾಠಿ ಎರಡು, ಉರ್ದು ಒಂದು. ಎಲ್ಲಕ್ಕೂ ಗಣಿತದಲ್ಲಿ ಒಂದೇ ಕಲಿಕಾ ಮಟ್ಟ ಇರಬೇಕು. ಯಾವ ತರಗತಿಯ ಮಗುವಿಗೆ ಏನು ಬರಲೇಬೇಕು ಅನ್ನುವ ಪಟ್ಟಿ. ಈ ವರ್ಷ ಪ್ರಯೋಗ. ಸರಿಹೋದರೆ ಮುಂದೆ ಮೂರು ತಾಲೂಕಿಗೂ ಜಾರಿ. ಸಂಚಾಲಕರು ಅಶೋಕಕುಮಾರ ಸರ್. ಪಾಪ, ಕೆಟ್ಟವರಲ್ಲ. ಮೇಲಿನವರ ಫೋನ್ ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತು ಮಾತಾಡುತ್ತಾರೆ.

ಮಚ್ಛೇಂದ್ರ ಬೆಳಿಗ್ಗೆಯೆಲ್ಲಾ ಜಗಳ ಆಡಿದ. ಔರಾದ ಕಡೆಯ ಮರಾಠಿ ಶಾಲೆಯವನು. ಕಾಲರ ಮಗ್ಗಿ, ಅರ್ಧದ ಮಗ್ಗಿ, ಒಂದೂವರೆಯ ಮಗ್ಗಿ — ಅವನ ಶಾಲೆಯಲ್ಲಿ ಇನ್ನೂ ಬಾಯಿಪಾಠ ಮಾಡಿಸುತ್ತಾರೆ. ಅದನ್ನೂ ಪಟ್ಟಿಗೆ ಸೇರಿಸಿ ಅಂತ.

"ಒಂದೂವರಿ ಏಳಲೆ ಹತ್ತೂವರಿ ಅಂತ ನಮ್ಮ ಹುಡುಗರು ನಿದ್ದಿಗಣ್ಣಾಗ ಹೇಳ್ತಾವ್ರಿ ಸರ್!"

"ಹೇಳ್ಲಿ ಬಿಡ್ರಿ. ಆದ್ರ ಅದಕ್ಕ ಕಾಲಂ ಇಲ್ಲಲ್ರೀ."

ಕಾಲಂ ಇಲ್ಲ. ಮುಗಿಯಿತು. ಮಚ್ಛೇಂದ್ರ ಊಟದ ತನಕ ಯಾರ ಮುಖವನ್ನೂ ನೋಡಲಿಲ್ಲ.

ಪಕ್ಕದಲ್ಲಿ ಫಕ್ರುನ್ನಿಸಾ ಆಪಾ. ಔರಾದಿನ ಉರ್ದು ಶಾಲೆ. ಇಪ್ಪತ್ತೇಳು ವರ್ಷದ ಹಿಂದೆ ಇದೇ ಬೀದರಿನಲ್ಲಿ ಟಿಸಿಎಚ್ ಶಿಕ್ಷಕ ತರಬೇತಿ ಓದುವಾಗ ನಾವು ಒಂದೇ ಕೋಣೆ. ನನಗಿಂತ ಐದು ವರ್ಷ ದೊಡ್ಡವಳು. ನನ್ನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. "ಉಪ್ಪು ಎಲ್ಲೇದ, ಶಶಿ?" ಅಂದಳು. ತನ್ನ ಡಬ್ಬಿ ನನ್ನ ಕಡೆ ಸರಿಸಿದಳು.

ಅವ್ವ ಹೋಗಿ ನಾಲ್ಕು ತಿಂಗಳು. ಮೂರನೇ ದಿನ ಆಪಾ ಔರಾದಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಯಾರನ್ನೂ ಏನೂ ಕೇಳದೆ ಹಿತ್ತಲಲ್ಲಿ ಕೂತು ಭಾಂಡೆ ತಿಕ್ಕಿದಳು. ಸಂಜೆ ಹೋದಳು. ನನಗೆ ಅಳು ಇನ್ನೂ ಬಂದಿಲ್ಲ. ಏನೂ ಬರುವುದಿಲ್ಲ ಈಗೀಗ.

ಜುಲೈ 9, ಬುಧವಾರ

ಪಟ್ಟಿ ಮುಗಿಯಿತು. ಏಳನೇ ತರಗತಿಗೆ ಹದಿನೆಂಟು ಸಾಲು. 'ಮಗುವು ಪೂರ್ಣಾಂಕಗಳನ್ನು ಕಳೆಯುತ್ತದೆ.' 'ಮಗುವು ಭಿನ್ನರಾಶಿಗಳನ್ನು ಹೋಲಿಸುತ್ತದೆ.' ಪಟ್ಟಿಯಲ್ಲಿ ಮಗು ಎಲ್ಲವನ್ನೂ ಮಾಡುತ್ತದೆ. ನನ್ನ ತರಗತಿಯಲ್ಲಿ ಮಗು ಮೊದಲು ಪೆನ್ಸಿಲ್ ಹುಡುಕುತ್ತದೆ.

ಆಮೇಲೆ ಪರೀಕ್ಷೆಯ ಮಾತು. ತಿದ್ದುವವರು ತಮ್ಮ ಮಾಧ್ಯಮದ ಮಕ್ಕಳಿಗೆ ಕೈ ಬಿಚ್ಚಿ ಮಾರ್ಕ್ಸ್ ಕೊಡುತ್ತಾರೆ ಅನ್ನುವ ಭಯ ಎಲ್ಲರಿಗೂ. ನಾನೇ ಹೇಳಿದೆ — ಉತ್ತರದ ಹಾಳೆಯಲ್ಲಿ ಅಕ್ಷರವೇ ಬೇಡ. ಬರೀ ಚೌಕ, ಚೌಕದೊಳಗೆ ಅಂಕಿ, ಮೇಲೆ ಕೋಡ್. ಅಂಕಿ ಮೂರೂ ಮಾಧ್ಯಮದಲ್ಲಿ ಒಂದೇ. ಹಾಳೆ ಕನ್ನಡದ್ದೋ ಉರ್ದುವಿನದೋ ತಿದ್ದುವವರಿಗೆ ಗೊತ್ತೇ ಆಗುವುದಿಲ್ಲ.

ಸರ್ ಟೇಬಲ್ ತಟ್ಟಿದರು. "ಇದ ನೋಡ್ರಿ! ಇದಕ್ಕಂತಾರ ತಲಿ!"

ಆಪಾ ಕೇಳಿದಳು — "ಪ್ರಶ್ನಿ ಪತ್ರಿಕಾ ಉರ್ದುದಾಗ ಯಾರು ನೋಡ್ತಾರ್ರಿ ಸರ್? ನಾ ಒಮ್ಮಿ ಕಣ್ಣಾಡಸ್ಲೇನು?"

"ನಿಮ್ಮ ಸಾಲಿನೇ ಪರೀಕ್ಷಾ ಬರೀತದಲ್ರಿ ಬಾಯಾರ. ನೀವು ನೋಡಂಗಿಲ್ಲ. ರೂಲ್ಸ್ ಅಂದ್ರ ರೂಲ್ಸ್."

ಕಮಿಟಿಯಲ್ಲಿ ಪ್ರಯೋಗಕ್ಕೆ ಸೇರದ ಶಾಲೆ ನನ್ನದೊಂದೇ. ಹಾಗಾಗಿ ಅನುವಾದ ಹೊರಗಿನವರು ಮಾಡುವುದು, ಪ್ರೂಫಿನಲ್ಲಿ ಅಂಕಿಗಳನ್ನು ನಾನು ನೋಡಿ ಸಹಿ ಹಾಕುವುದು ಅಂತ ತೀರ್ಮಾನ.

ಜುಲೈ 25, ಶುಕ್ರವಾರ

ಬೀದರ. ಡಿಟಿಪಿ ಅಂಗಡಿ. ಖಾಜಾ ಮಿಯಾ ಲಗ್ನಪತ್ರಿಕೆ ಮಾಡುವವನು. ಕನ್ನಡ, ಮರಾಠಿ, ಉರ್ದು ಮೂರೂ ಟೈಪ್ ಮಾಡುತ್ತಾನೆ. ಗೋಡೆ ತುಂಬ ಗಣಪತಿ, ಗುಲಾಬಿ, ಚಂದ್ರ-ತಾರೆ. ನಮ್ಮ ಪತ್ರಿಕೆ ಅವುಗಳ ನಡುವೆ ನೇತಾಡುತ್ತಿತ್ತು.

ನಾಲ್ಕು ಗಂಟೆಗೆ ಪ್ರೂಫ್ ಕೊಟ್ಟ. ಸೆಟ್ ಎ, ಸೆಟ್ ಬಿ. ಏನಾದರೂ ಹೆಚ್ಚುಕಡಿಮೆ ಆದರೆ ಇರಲಿ ಅಂತ ಬಿ ಸೆಟ್ಟು. ಉರ್ದು ಹಾಳೆಯ ಮೇಲೆ ಬೆರಳಿಟ್ಟು ಕೇಳಿದ.

"ಮೇಡಂ, ನಿಮ್ಮ ಕನ್ನಡದಾಗ 24 ÷ 6 ಅದ. ಇಲ್ಲಿ ಕಂಪ್ಯೂಟರ 6 ÷ 24 ಮಾಡ್ಯದ ನೋಡ್ರಿ. ಉಲ್ಟಾ ಆಗ್ಯದೇನು?"

ನೋಡಿದೆ. ಯೋಚಿಸಿಯೇ ಹೇಳಿದೆ. "ಉರ್ದು ಬಲಗಡಿಂದ ಓದ್ತೀರಲ್ರಿ. ಬಲಗಡಿಂದ ನೋಡ್ರಿ — ಮೊದಲ 24, ಆಮ್ಯಾಲ 6. ಬರೋಬ್ಬರಿ ಅದ."

"ಹಾಂ... ಅದೂ ಖರೇ." ತಲೆ ಕೆರೆದುಕೊಂಡ. "ನಾ ಲಗ್ನದ ಕಾರ್ಡ್ ಮಾಡಾಂವ್ರಿ. ಲೆಕ್ಕ ನಿಮಗೇ ಗೊತ್ತು."

ಅಂಥವು ಐದು ಪ್ರಶ್ನೆ. ಐದನ್ನೂ ಬಲಗಡೆಯಿಂದ ಓದಿ ಟಿಕ್ ಹಾಕಿದೆ. ಬಿ ಸೆಟ್ಟಿನಲ್ಲೂ ಐದು. ಎರಡಕ್ಕೂ ಸಹಿ. ಉರ್ದು ಬರದೆ ಉರ್ದು ಪತ್ರಿಕೆ ನೋಡಿಬಿಟ್ಟೆ ಅಂತ ಸ್ವಲ್ಪ ಹೆಮ್ಮೆಯೂ ಆಯಿತು. ಬಹಳ ದಿನದ ಮೇಲೆ ಏನೋ ಒಂದು ಅನಿಸಿತು.

ಆಗಸ್ಟ್ 12, ಮಂಗಳವಾರ

ಆರೂ ಶಾಲೆಯಲ್ಲಿ ಪರೀಕ್ಷೆ ಆಯಿತಂತೆ. ಪ್ರಶ್ನೆ ಪತ್ರಿಕೆಗಳನ್ನೂ ಎಣಿಸಿ ವಾಪಸ್ ತೆಗೆದುಕೊಂಡರಂತೆ. ಮಳೆ. ಬಟ್ಟೆ ಒಣಗಲಿಲ್ಲ.

ಆಗಸ್ಟ್ 19, ಮಂಗಳವಾರ

ಮೌಲ್ಯಮಾಪನ ಭಾಲ್ಕಿಯಲ್ಲೇ. ಮನೆಯಿಂದ ನಡೆದೇ ಹೋದೆ. ನನಗೆ ಎರಡು ಬಂಡಲ್. 2 ಮತ್ತು 4. ಯಾವ ಶಾಲೆ ಯಾವುದೋ ಗೊತ್ತಿಲ್ಲ. ನನ್ನ ಐಡಿಯಾ ಕೆಲಸ ಮಾಡುತ್ತಿದೆ.

ಬಂಡಲ್ 2 ಸಾಧಾರಣ. ಒಬ್ಬೊಬ್ಬರದು ಒಂದೊಂದು ತಪ್ಪು. ಮಕ್ಕಳು ಹಾಗೇ.

ಬಂಡಲ್ 4 ವಿಚಿತ್ರ. ಇಪ್ಪತ್ತೇಳು ಹಾಳೆ. ಉತ್ತರ 4 ಬರಬೇಕಾದಲ್ಲಿ ಎಲ್ಲರೂ 1/4. 18 ಬರಬೇಕಾದಲ್ಲಿ ಎಲ್ಲರೂ −18. ದೊಡ್ಡದು ಅನ್ನುವ ಗುರುತು ಇರಬೇಕಾದಲ್ಲಿ ಎಲ್ಲರೂ ಸಣ್ಣದು. ಐದು ಪ್ರಶ್ನೆ, ಇಪ್ಪತ್ತೇಳು ಮಕ್ಕಳು, ಒಂದೇ ತಪ್ಪು. ಎಲ್ಲರದೂ ಸರಿ ಇದ್ದರೆ ಯಾರೂ ಅನುಮಾನ ಪಡುವುದಿಲ್ಲ. ಎಲ್ಲರದೂ ಒಂದೇ ಥರ ತಪ್ಪಾದರೆ ಅದಕ್ಕೆ ಒಂದೇ ಅರ್ಥ. ಯಾರೋ ಒಬ್ಬರು ಉಲ್ಟಾ ಮಾಡಿದ್ದಾರೆ, ಉಳಿದವರು ಇಳಿಸಿಕೊಂಡಿದ್ದಾರೆ. ಇಲ್ಲವೇ ಟೀಚರೇ ಹೇಳಿಕೊಟ್ಟಿದ್ದಾರೆ, ಅದೂ ತಪ್ಪು ತಪ್ಪಾಗಿ. ಸಿಟ್ಟು ಬಂತು. ಇಂಥವರಿಂದಲೇ ಸರ್ಕಾರಿ ಶಾಲೆಯ ಹೆಸರು ಹಾಳು.

ಬಂಡಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ: 'ಸಾಮೂಹಿಕ ನಕಲು. ಶಿಕ್ಷಕರ ಸಹಕಾರದ ಅನುಮಾನ.' ಸಹಿ ಹಾಕಿದೆ. ಚೆನ್ನಾಗಿ ಬರೆದೆ, ದುಂಡಗೆ.

ಆಗಸ್ಟ್ 29, ಶುಕ್ರವಾರ

ಬೀದರ. ಕೋಡ್ ಒಡೆದರು.

ಬಂಡಲ್ 4 — ಔರಾದ, ಉರ್ದು.

ಆಪಾ ಎದುರಿಗೇ ಕೂತಿದ್ದಳು. ಸರ್ ನಾನು ಬರೆದದ್ದನ್ನು ಓದಿದರು. ತಿದ್ದಿದವರ ಹೆಸರು ಓದಲಿಲ್ಲ, ಅದು ಗುಪ್ತ. ಆಪಾ ಎದ್ದು ನಿಂತಳು. ಕೂತಳು. ಮತ್ತೆ ಎದ್ದಳು.

"ನಮ್ಮ ಹುಡುಗರು ಕಾಪಿ ಮಾಡಂಗಿಲ್ಲ ಸರ್. ಯಾರ ಬರದಾರ ಇದನ್ನ? ಅವರು ಬಂದು ನನ್ನ ಮುಂದ ಹೇಳ್ಲಿ."

"ಬಾಯಾರ, ಸಿಟ್ಟಾಗಬ್ಯಾಡ್ರಿ. ಇಪ್ಪತ್ತೇಳೂ ಹುಡುಗರು ಒಂದ ಥರ ತಪ್ಪ ಬರೀತಾರಂದ್ರ..."

"ಗೊತ್ತಿಲ್ರಿ. ಯಾಕ ಬರದಾರ ಗೊತ್ತಿಲ್ಲ. ಆದ್ರ ಕಾಪಿ ಅಲ್ಲ."

ಆಪಾ ನನ್ನ ಕಡೆ ನೋಡಿದಳು. ನೀನಾದರೂ ಹೇಳು ಅನ್ನುವ ಹಾಗೆ. ನಾನು ಫೈಲಿನ ದಾರ ಬಿಚ್ಚಿ ಕಟ್ಟಿದೆ. ಬಿಚ್ಚಿ ಕಟ್ಟಿದೆ. ಆಪಾ ಅಂಥವಳಲ್ಲ ಅಂತ ನನಗೆ ಗೊತ್ತು. ಹಾಗಾದರೆ ಏನು? ತಲೆ ಓಡಲಿಲ್ಲ.

ಆಪಾಗೆ ನೋಟಿಸ್ ಕೊಟ್ಟರು. ಉತ್ತರ ಸರಿಹೋಗದಿದ್ದರೆ ಅಮಾನತು. ಆ ಶಾಲೆಯ ಏಳನೇ ತರಗತಿಯನ್ನು ಊರಾಚೆಯ ಕನ್ನಡ ಶಾಲೆಗೆ ಸೇರಿಸುವ ಪ್ರಸ್ತಾಪ. ಇಪ್ಪತ್ತೇಳೂ ಮಕ್ಕಳ ಹೆಸರಿನ ಮುಂದೆ 'ನಕಲು' ಅಂತ ಆನ್‌ಲೈನ್ ಎಂಟ್ರಿ. ತಿದ್ದಿದ ಹಾಳೆ, ಸರಿ ಉತ್ತರದ ಕೀ ಎರಡನ್ನೂ ಶಾಲೆಯ ಬೋರ್ಡಿಗೆ ಹಚ್ಚುವುದು. ಪಾರದರ್ಶಕತೆ.

ಬಸ್ ಸ್ಟ್ಯಾಂಡಿನ ತನಕ ಆಪಾ ಜೊತೆಗೇ ಬಂದೆ. ಔರಾದ ಬಸ್ಸಿಗೆ ಹತ್ತಿಸಿದೆ.

ಸೆಪ್ಟೆಂಬರ್ 3, ಬುಧವಾರ

ಕಮಿಟಿ ಇರಲಿಲ್ಲ. ರಜೆ ಹಾಕಿ ಔರಾದಿಗೆ ಹೋದೆ. ದಾರಿಯುದ್ದಕ್ಕೂ ಉದ್ದು, ಸೋಯಾ. ಬಸ್ಸಿನಲ್ಲಿ ನಿದ್ದೆ ಬಂತು.

ಆಪಾ ತರಗತಿಯಲ್ಲಿದ್ದಳು. ಹೊರಗೆ ಕಟ್ಟೆಯ ಮೇಲೆ ಇಬ್ಬರು ಅಪ್ಪಂದಿರು. "ಅಷ್ಟ ದೂರ ಹೆಣ್ಮಕ್ಕಳನ್ನ ಕಳಸಂಗಿಲ್ರಿ. ಸಾಲಿ ಬಿಡಸ್ತೇವಿ" ಅಂತ ಒಬ್ಬ. ಇನ್ನೊಬ್ಬ 'ಕಾಪಿ ಟೀಚರ್' ಅಂದ, ಮೆಲ್ಲಗೆ. ಆಪಾಗೆ ಕೇಳಿಸಿತು.

ಚಹಾ ತರಿಸಿದಳು. ಒಬ್ಬ ಹುಡುಗಿಯನ್ನು ಕರೆದಳು. ಗುಡಿಯಾ. ಎರಡು ಜಡೆ, ಕೈಯಲ್ಲಿ ಮಡಚಿದ ರಫ್ ಹಾಳೆ. ಪ್ರಶ್ನೆ ಪತ್ರಿಕೆ ವಾಪಸ್ ತೆಗೆದುಕೊಂಡಿದ್ದರು, ರಫ್ ಹಾಳೆಯನ್ನು ಯಾರೂ ಕೇಳಿರಲಿಲ್ಲ.

"ತೋರಸಮ್ಮಾ ಬಾಯಾರಿಗಿ."

ಹಾಳೆಯಲ್ಲಿ ಬರೆದಿತ್ತು: 6 ÷ 24. ಕೆಳಗೆ 15 − 33. ಕೆಳಗೆ...

"ಪ್ರಶ್ನಿನೇ ಹಿಂಗ ಇತ್ತಂತ ಶಶಿ. ಎಲ್ಲಾ ಹುಡುಗರೂ ಇದ ಹೇಳ್ತಾವ. ಸರ್ ಮುಂದ ಫೋನಿನಾಗ ಹೇಳ್ದೆ, ಹುಡುಗರು ಸುಳ್ಳ ಹೇಳ್ತಾವ ಅಂದ್ರು."

ನಾನು ಕೇಳಿದೆ. ಕೇಳಲೇಬೇಕಿತ್ತು. "ಆಪಾ, ಉರ್ದುದಾಗ ಬಲಗಡಿಂದ ಓದ್ತೀರಲ್ಲ... ಲೆಕ್ಕನೂ?"

ಆಪಾ ನಕ್ಕಳು. ಅಷ್ಟು ಕಷ್ಟದಲ್ಲೂ ನಕ್ಕಳು. "ಅಯ್ಯ ಹುಚ್ಚಿ! ಅಕ್ಷರ ಬಲಗಡಿಂದ, ಲೆಕ್ಕ ಎಡಗಡಿಂದ. ಒಂದನೇ ಕ್ಲಾಸಿನ ಕೂಸಿಗೂ ಗೊತ್ತದ ಇದು. ಇಪ್ಪತ್ತೇಳು ವರ್ಷದ ಮ್ಯಾಲ ಕೇಳ್ತೀದಿ!"

ಗುಡಿಯಾ ನನ್ನನ್ನೇ ನೋಡುತ್ತಿದ್ದಳು. "ಮೇಡಂ, 6ಕ್ಕ 24ರಿಂದ ಭಾಗಿಸಿದ್ರ ಒಂದರಾಗ ನಾಕನೇ ಭಾಗ ಅಲ್ರಿ?"

"ಹೌದು."

"ಮತ್ತ ತಪ್ಪ ಯಾಕ ಹಾಕ್ಯಾರ್ರಿ?"

ನಾನು ಚಹಾ ಕುಡಿದೆ. ಬಿಸಿ ಇತ್ತೋ ಆರಿತ್ತೋ ನೆನಪಿಲ್ಲ. "ನೋಡ್ತೇನಮ್ಮಾ" ಅಂದೆ. ಐದೂ ಲೆಕ್ಕ ಮಕ್ಕಳು ಸರಿ ಮಾಡಿದ್ದಾರೆ. ಇಪ್ಪತ್ತೇಳೂ ಮಕ್ಕಳು.

ಆಪಾಗೆ ಹೇಳಲಿಲ್ಲ. ಬಸ್ಸು ಬಂತು. ಬಂದೆ.

ಸೆಪ್ಟೆಂಬರ್ 4

ಮನೆಯವರಿಗೆ ಹೇಳಿದೆ. ಶಿವಕಾಂತ ಬೇಳೆ ಮಿಲ್ಲಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಪೂರ್ತಿ ಕೇಳಿದರು.

"ನೀ ಒಬ್ಬಾಕಿನೇ ಸೈನ್ ಮಾಡೀಯೇನು?"

"ಒಬ್ಬಾಕಿನೇ."

"ಕಾಪಿ ಅಂತ ಬರದಾಕೀನೂ ನೀನೇ?"

"ನಾನೇ."

ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಸುಮ್ನ ಇದ್ದಬಿಡು ಶಶಿ. ಹೆಸರು ಗುಪ್ತ ಅದ ಅಂತೀದಿ. ತಾನಾಗೇ ತಣ್ಣಗಾಗ್ತದ."

ಸುಮ್ಮನಿರುವುದು ನನಗೆ ಕಷ್ಟವಲ್ಲ. ಆರು ತಿಂಗಳಿಂದ ಅದನ್ನೇ ಮಾಡುತ್ತಿದ್ದೇನೆ.

ಸೆಪ್ಟೆಂಬರ್ 5

ಶಿಕ್ಷಕರ ದಿನ. ಮಕ್ಕಳು ಪೆನ್ ಕೊಟ್ಟರು. ಕೆಂಪು.

ಸೆಪ್ಟೆಂಬರ್ 11, ಗುರುವಾರ

ಪತ್ರ ಬರೆದೆ. ಒಂದು ಪುಟ. ಪ್ರೂಫಿನಲ್ಲಿ ತಪ್ಪು ನನ್ನದು, ಮಕ್ಕಳ ಉತ್ತರ ಸರಿ, ನಕಲು ಅಂತ ಬರೆದದ್ದನ್ನು ವಾಪಸ್ ಪಡೆಯುತ್ತೇನೆ. ಬೀದರಿಗೆ ಹೋಗಿ ಅಶೋಕಕುಮಾರ ಸರ್ ಕೈಗೆ ಕೊಟ್ಟೆ. ಫೈಲಿನಿಂದ ಉರ್ದು ಪತ್ರಿಕೆ ತೆಗೆದು ತೋರಿಸಿದೆ.

ಎರಡು ಸಲ ಓದಿದರು. ಬೆವರಿದರು. ಫ್ಯಾನ್ ಜೋರು ಮಾಡಿದರು.

"ಮೇಡಂ, ಇದನ್ನ ಈಗ ತರ್ತೀರೇನ್ರಿ? ಹತ್ತೊಂಬತ್ತಕ್ಕ ಮ್ಯಾಲಿನ ತಂಡ ಬರ್ಲಾಕತ್ತದ. ಅವರು ಹೂಂ ಅಂದ್ರ ಮೂರು ತಾಲೂಕಿಗಿ ಈ ಮಟ್ಟ ಜಾರಿ. ಒಂದು ವರ್ಷದ ಕೆಲಸ."

"ಮಕ್ಕಳದು ಸರಿ ಅದ ಸರ್."

"ಸರಿ ಅದ, ನಾ ಇಲ್ಲ ಅಂದೇನೇನು? ಅದಕ್ಕೊಂದು ದಾರಿ ಮಾಡೋಣು. ಮರುಪರೀಕ್ಷಾ ಇಡ್ತೇನಿ. ಹದಿನೆಂಟಕ್ಕ. ಪಾಸಾದ್ರ ನೋಟಿಸ್ ವಾಪಸ್, ಎಂಟ್ರಿ ವಾಪಸ್, ಯಾರದೂ ಹೆಸರು ಹೊರಗ ಬರಂಗಿಲ್ಲ. ಬಿ ಸೆಟ್ ಸೀಲ್ ಆಗಿ ರೆಡಿ ಅದ."

"ಬಿ ಸೆಟ್ಟೂ ಹಂಗೇ ಅದ ಸರ್. ಅದಕ್ಕೂ ನನ್ನದೇ ಸಹಿ."

ಪತ್ರವನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿ ಇಟ್ಟರು. "ಸೀಲ್ ಒಡದ್ರ ಪರೀಕ್ಷಾನೇ ರದ್ದ. ಹೊಸಾ ಪತ್ರಿಕಾಕ್ಕ ಟೈಮ್ ಇಲ್ಲ. ಏನೋ ಆಗ್ತದ, ಬಿಡ್ರಿ."

ಏನೋ ಅಂದರೆ ಏನು ಅಂತ ಕೇಳಲಿಲ್ಲ. ಬಾಗಿಲ ಹತ್ತಿರ ಬಂದಾಗ ಮತ್ತೆ ಕರೆದರು. "ನನಗೂ ಮೂರು ಮಂದಿ ಮಕ್ಕಳವ, ಮೇಡಂ." ಯಾಕೆ ಹೇಳಿದರೋ.

ಸೆಪ್ಟೆಂಬರ್ 15, ಸೋಮವಾರ

ಔರಾದ. ಶಾಲೆ ಬಿಟ್ಟ ಮೇಲೆ. ಖಾಲಿ ತರಗತಿ. ಇಬ್ಬರೂ ಮಕ್ಕಳ ಬೆಂಚಿನಲ್ಲಿ ಕೂತೆವು. ಹೇಳಿದೆ. ಅಂಗಡಿಯಲ್ಲಿ ಖಾಜಾ ಮಿಯಾ ಕೇಳಿದ್ದು, ನಾನು ಹೇಳಿದ್ದು, ಸಹಿ, ಬಂಡಲ್, ಕೆಂಪು ಪೆನ್ನು. ಬಿ ಸೆಟ್ಟು. ಒಂದನ್ನೂ ಬಿಡಲಿಲ್ಲ. ಹೇಳುವಾಗ ಬೇರೆ ಯಾರದೋ ವಿಷಯ ಹೇಳಿದಂತೆ ಇತ್ತು ನನ್ನ ದನಿ.

ಆಪಾ ಬೆಂಚಿನ ಮೇಲಿನ ಗೀಚನ್ನು ಉಗುರಿನಿಂದ ಕೆರೆದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದ ಫೋನ್ ಮಾಡಿದ್ರ ಆಗ್ತಿತ್ತಲ್ಲ ಶಶಿ. ಆ ಅಂಗಡ್ಯಾಗ ನಿಂತು. ಆಪಾ, ಲೆಕ್ಕ ಯಾವ ಕಡಿಂದ ಅಂತ. ಪ್ರಶ್ನಿ ಹೇಳಬ್ಯಾಡ. ಅಷ್ಟ ಕೇಳು."

"ಅನಿಸಲಿಲ್ಲ ಆಪಾ. ಗೊತ್ತದ ಅಂದ್ಕೊಂಡೆ."

"ಕಾಪಿ ಅಂತ ಬರಿಯೂ ಮೊದಲಾದ್ರೂ..." ಸೆರಗಿನಿಂದ ಮೂಗು ಒರೆಸಿದಳು. "ನೀವು ನೀರು ಕುಡೀತೀರೇನು?"

ನೀವು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ನಾಚಿಕೆ ಆಯಿತು. ಮೈಯೆಲ್ಲಾ. ಇದೊಂದು ಸರಿಯಾಗಿ ಅನಿಸಿತು.

ನಾನೇ ಕೇಳಿದೆ — ಹದಿನೆಂಟಕ್ಕೆ ಏನು ಮಾಡುವುದು? ಮಕ್ಕಳಿಗೆ ಹೇಳಿಬಿಡೋಣವೇ, ಉಲ್ಟಾ ಇರುತ್ತದೆ, ತಿರುಗಿಸಿ ಮಾಡಿ ಅಂತ?

ಆಪಾ ಎದ್ದು ನಿಂತಳು. "ನಾ ಹೇಳಂಗಿಲ್ಲ. ಇಷ್ಟು ವರ್ಷ ಎದುರಿಗಿದ್ದದ್ದು ನೋಡು, ನೋಡಿದ್ದು ಮಾಡು ಅಂತ ಕಲಿಸೀನಿ. ಈಗ ನೋಡಬ್ಯಾಡ ಅಂತ ಹೇಳ್ಲಿ? ನೌಕರಿ ಹೋದ್ರ ಹೋಗ್ಲಿ."

"ಮತ್ತ?"

"ನೀವೇ ತಿದ್ದತೀರಲ್ರಿ? ಖರೇದಕ್ಕ ಖರೇ ಹಾಕ್ರಿ. ಕೀದಾಗ ಏನರೇ ಇರ್ಲಿ. ಸೈನ್ ಮಾಡ್ರಿ, ಹೆಸರು ಬರೀರಿ. ಅಷ್ಟ ಮಾಡ್ರಿ ನನಗ."

ಮಾಡುತ್ತೇನೆ ಅಂದೆ. ಅವಳ ಕೈ ಮೇಲೆ ಕೈಯಿಟ್ಟು ಹೇಳಿದೆ. ಆಪಾ ಕೈ ಎಳೆದುಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

ಹೊರಗೆ ಬರುವಾಗ ಬೋರ್ಡಿನ ಮುಂದೆ ನಾಲ್ಕೈದು ಹುಡುಗಿಯರು. ಹಚ್ಚಿದ ಹಾಳೆಗಳನ್ನೂ ಪಕ್ಕದ ಕೀಯನ್ನೂ ಬೆರಳಿಟ್ಟು ನೋಡುತ್ತಿದ್ದರು. ನನ್ನನ್ನು ಕಂಡು ಸರಿದು ನಿಂತರು.

ಸೆಪ್ಟೆಂಬರ್ 17

ಕಲ್ಯಾಣ ಕರ್ನಾಟಕ ಉತ್ಸವ. ಶಾಲೆಯಲ್ಲಿ ಧ್ವಜ. ಪೇಢಾ ಹಂಚಿದರು. ಮನೆಯವರು ಕೇಳಿದರು, ಆಪಾ ಏನಂದಳು ಅಂತ. ನೀರು ಕೊಟ್ಟಳು ಅಂದೆ.

ಸೆಪ್ಟೆಂಬರ್ 18

ಔರಾದಿನಲ್ಲಿ ಮರುಪರೀಕ್ಷೆ. ಮೇಲ್ವಿಚಾರಣೆಗೆ ಮಚ್ಛೇಂದ್ರ ಹೋಗಿದ್ದ. ಸಂಜೆ ಫೋನ್ ಮಾಡಿದ.

"ಹುಡುಗರು ಭಾಳ ಶಾಂತ ಬರದ್ವು ಮೇಡಂ. ಅರ್ಧ ತಾಸಿನಾಗ ಎಲ್ಲಾ ಮುಗಸಿ ಕೂತಿದ್ವು. ಫಕ್ರುನ್ನಿಸಾ ಬಾಯಾರು ಕಾಂಪೌಂಡಿನ ಹೊರಗ ನಿಂತಿದ್ರು. ಒಳಗ ಕಾಲಿಡಲಿಲ್ಲ, ಯಾರ ಜೋಡೀನೂ ಮಾತಾಡಲಿಲ್ಲ."

ರಾತ್ರಿ ಊಟ ಮಾಡಿದೆ. ಪಲ್ಯಕ್ಕೆ ಉಪ್ಪು ಇತ್ತು.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ 11

ಭಾಲ್ಕಿ. ಮೌಲ್ಯಮಾಪನದ ಕೋಣೆ. ನಾನೊಬ್ಬಳೇ. ಒಂದೇ ಬಂಡಲ್. ಆಚೆ ಹಾಲ್‌ನಲ್ಲಿ ಮೇಲಿನ ತಂಡಕ್ಕೆ ಅಶೋಕಕುಮಾರ ಸರ್ ಪಟ್ಟಿ ತೋರಿಸುತ್ತಿದ್ದಾರೆ. ಅವರ ದನಿ ಕೇಳುತ್ತಿದೆ. 'ಮಗುವು ಹೋಲಿಸುತ್ತದೆ' ಅನ್ನುತ್ತಿದ್ದಾರೆ.

ಬಿ ಸೆಟ್ಟಿನ ಒಂದನೇ ಪ್ರಶ್ನೆ ಉರ್ದುವಿನಲ್ಲಿ ಅಚ್ಚಾಗಿರುವುದು 7 ÷ 35. ಖರೇ ಉತ್ತರ 1/5. ಕೀಯಲ್ಲಿ 5. ಕೀಯನ್ನು ಮಗುಚಿ ಇಟ್ಟಿದ್ದೇನೆ. ಪ್ರಶ್ನೆ ಪತ್ರಿಕೆಯನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. 1/5ಕ್ಕೆ ಸರಿ ಹಾಕುವುದು, ಹೆಸರು ಬರೆಯುವುದು. ಯಾರು ಕೇಳಿದರೂ ಹೇಳುವುದು. ಬೆಳಿಗ್ಗೆ ಎದ್ದಾಗಿನಿಂದ ಮೈ ಹಗುರ ಇದೆ.

ಬಂಡಲ್ ಬಿಚ್ಚುತ್ತೇನೆ.

ಮಧ್ಯಾಹ್ನ 12.15

ಕೋಡ್ 1: 5.

ಕೋಡ್ 2: 5. ಕೋಡ್ 3: 5.

ಮೇಲಿನ ಹತ್ತು ಹಾಳೆ ಹರಡಿ ನೋಡಿದೆ. ಐದೂ ಪ್ರಶ್ನೆಗೆ ಕೀಯಲ್ಲಿರುವುದೇ ಉತ್ತರ. ದುಂಡಗೆ, ಹೊಡೆದುಹಾಕಿದ್ದು ಒಂದೂ ಇಲ್ಲ. ಯಾರೂ ಹೇಳಿಕೊಟ್ಟಿಲ್ಲ. ಬೋರ್ಡಿನ ಮೇಲೆ ಹಚ್ಚಿದ್ದನ್ನು ನೋಡಿ ತಾವೇ ಕಲಿತಿದ್ದಾರೆ. ಸಣ್ಣದನ್ನು ದೊಡ್ಡದರಿಂದ ಭಾಗಿಸಿದರೂ ದೊಡ್ಡದೇ ಬರುತ್ತದೆ, ಸಣ್ಣದರಲ್ಲಿ ದೊಡ್ಡದನ್ನು ಕಳೆದರೂ ಮೈನಸ್ ಬರುವುದಿಲ್ಲ ಅಂತ. ಟೀಚರ್ ನೌಕರಿ ಉಳಿಯಬೇಕು ಅಂತ.

ನಾನು ಕಲಿಸಿದ್ದು ಇದು. ಏಳನೇ ತರಗತಿ, ಗಣಿತ.

ಮಧ್ಯಾಹ್ನ 3

ಸರ್ ಒಳಗೆ ಬಂದರು. ಮೇಲಿನ ನಾಲ್ಕು ಹಾಳೆ ಎತ್ತಿ ನೋಡಿದರು, ಕೀ ಎತ್ತಿ ನೋಡಿದರು. ಮುಖ ಅರಳಿತು. "ಅಂದೆ ಇಲ್ಲೋ ಮೇಡಂ! ಎಲ್ಲಾ ಬರೋಬ್ಬರಿ! ಒಂದು ತಿಂಗಳಾಗ ಎಂಥಾ ಸುಧಾರಣಾ! ತಂಡದವರಿಗಿ ಇದನ್ನೇ ತೋರಸ್ತೇನಿ. ಬಾಯಾರ ನೋಟಿಸ್ ಇವತ್ತೇ ವಾಪಸ್. ಲಗು ಟೋಟಲ್ ಮಾಡ್ರಿ." ನನ್ನ ಹೆಗಲು ತಟ್ಟುವ ಹಾಗೆ ಕೈ ಎತ್ತಿ, ತಟ್ಟದೆ ಹೋದರು.

ಟಿಕ್ ಹಾಕಿದರೆ ಮುಗಿಯಿತು. ಆಪಾ ಉಳಿಯುತ್ತಾಳೆ. ತರಗತಿ ಉಳಿಯುತ್ತದೆ. ಹೆಣ್ಣುಮಕ್ಕಳು ಶಾಲೆಗೆ ಬರುತ್ತಾರೆ. ನಾಡಿದ್ದಿನಿಂದ ದಸರಾ ರಜೆ.

ಹದಿನೆಂಟು ಹಾಳೆಗೆ ಟಿಕ್ ಹಾಕಿದೆ. ಕೈ ತಾನೇ ಹಾಕುತ್ತಿತ್ತು.

ಕೋಡ್ 19. ಒಂದನೇ ಉತ್ತರ 1/5. ಎರಡನೆಯದು ಮೈನಸ್. ಐದೂ ಹಾಗೇ. ಪೆನ್ಸಿಲ್ ಒತ್ತಿ ಒತ್ತಿ ಬರೆದಿದ್ದಾಳೆ, ಹಾಳೆಯ ಹಿಂದೆ ಕೈಗೆ ತಾಗುತ್ತದೆ. ಬರೆದಿದ್ದಾಳೆ ಅಂತ ಯಾಕೆ ಬರೆದೆ? ಹುಡುಗನೋ ಹುಡುಗಿಯೋ ಗೊತ್ತಿಲ್ಲ. ಕೋಡ್ ಅಷ್ಟೆ.

20ರಿಂದ 27ರ ತನಕ ಮತ್ತೆ 5.

ಇಪ್ಪತ್ತಾರು ಪಾಸ್. ಒಬ್ಬಳು ಫೇಲ್. ಇಡೀ ತರಗತಿಯಲ್ಲಿ ಲೆಕ್ಕ ಮಾಡಿದವಳು ಇವಳೊಬ್ಬಳೇ. ಇವಳಿಗೆ ಸರಿ ಹಾಕಿದರೆ ಉಳಿದ ಇಪ್ಪತ್ತಾರೂ ತಪ್ಪು. ಆಪಾಗೆ ಅಮಾನತು. ಆಪಾ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: ಖರೇದಕ್ಕ ಖರೇ ಹಾಕ್ರಿ.

ಕಣ್ಣಲ್ಲಿ ನೀರು ಬಂತು. ಈಗ ಬರಬೇಕೇ? ಹಾಳೆಯ ಮೇಲೆ ಬೀಳದ ಹಾಗೆ ಹಿಂದೆ ಸರಿದು ಕೂತೆ. ಬಹಳ ಹೊತ್ತು ಅತ್ತೆ. ಅವ್ವನಿಗೂ ಸೇರಿಸಿ ಅತ್ತೆನೋ ಏನೋ.

3.50

ಬಾಗಿಲಲ್ಲಿ ಸರ್. ಹಿಂದೆ ತಂಡದವರು ಇಬ್ಬರು. "ಆಯ್ತೇನ್ರಿ ಮೇಡಂ?" ಅನ್ನುತ್ತಿದ್ದಾರೆ. ಎರಡು ನಿಮಿಷ ಅಂದೆ.

ಕೋಡ್ 19. ಒಂದು, ಸರಿ. ಎರಡು, ಸರಿ. ಮೂರು, ಸರಿ. ನಾಲ್ಕು, ಐದು, ಸರಿ. ಕೆಳಗೆ ಪೂರ್ತಿ ಹೆಸರು ಬರೆದೆ.

ಈಗ ಕೋಡ್ 1. ಹಾಕಿದ್ದ ಟಿಕ್ ಹೊಡೆದುಹಾಕಿ, ತಪ್ಪು —